ಪಂಕ್ತಿಯಲ್ಲಿ ಕೂತ ಬ್ಯಾಟರಿಗಳು

ಏಳನೇ ತರಗತಿಯ ಓದುಗನೊಬ್ಬ ಕೇಳಿದ್ದಾನೆ: “ಎಲೆಕ್ಟ್ರಿಕ್ ಕಾರಿನ ಹಳೆಯ ಬ್ಯಾಟರಿಯನ್ನು ಸರಿಮಾಡಿ ಮತ್ತೆ ಕೂರಿಸಿದರೆ ಹೊಸದರಷ್ಟೇ ಬೇಗ ಚಾರ್ಜ್ ಆಗುತ್ತಾ?” ಮಕ್ಕಳೇ, ಅರ್ಧ ಉತ್ತರ ನಿಮ್ಮ ಅಜ್ಜನ ಹತ್ತಿರವೇ ಇದೆ. ಟಾರ್ಚಿಗೆ ಸೆಲ್ ಹಾಕುವಾಗ “ಹೊಸದರ ಜೊತೆ ಹಳೆಯದನ್ನು ಸೇರಿಸಬೇಡ” ಎಂದು ಗದರುತ್ತಾರಲ್ಲ, ವಿಷಯ ಅದೇ.

ಜಪಾನಿನ ನಿಸಾನ್ ಲೀಫ್ ಕಾರನ್ನು ನೋಡೋಣ. 2010ರ ಕೊನೆಯಲ್ಲಿ ಮಾರಾಟಕ್ಕೆ ಬಂದ ಮೊದಲ ಲೀಫ್‌ನ ಬ್ಯಾಟರಿ ಹೊರಗಿನಿಂದ ಒಂದೇ ದೊಡ್ಡ ಪೆಟ್ಟಿಗೆ. ಒಳಗೆ ಮಾಡ್ಯೂಲ್ ಎಂಬ 48 ಡಬ್ಬಿಗಳು, ಡಬ್ಬಿಗೆ 4ರಂತೆ 192 ಸೆಲ್‌ಗಳು. ಡಬ್ಬಿಗಳೆಲ್ಲ ಸಾಲಾಗಿ ಜೋಡಿಸಿದವು; ಒಂದರಲ್ಲಿ ಹರಿದಷ್ಟೇ ಕರೆಂಟು ಎಲ್ಲದರಲ್ಲೂ ಹರಿಯಬೇಕು.

ಮದುವೆ ಊಟದ ಪಂಕ್ತಿಯಲ್ಲಿ ಒಬ್ಬರು ಸಾಕೆಂದು ಎಲೆಗೆ ಕೈ ಅಡ್ಡ ಹಿಡಿದರೆ ಬಡಿಸುವವರು ಅವರನ್ನು ಬಿಟ್ಟು ಮುಂದೆ ಹೋಗುತ್ತಾರೆ. ಈ ಪಂಕ್ತಿಯಲ್ಲಿ ಹಾಗೆ ಬಿಟ್ಟು ಹೋಗಲಾಗದು. ಸೊರಗಿದ ಒಂದು ಸೆಲ್ ಬೇಗ ತುಂಬಿಬಿಟ್ಟರೆ ಉಳಿದವರಿಗೂ ಬಡಿಸುವುದನ್ನು ನಿಲ್ಲಿಸಬೇಕು. ಕಾರು ಓಡುವಾಗ ಮೊದಲು ಬರಿದಾಗುವುದೂ ಅದೇ ಸೆಲ್.

ವೇಗದ ಕಥೆಯೂ ಹೀಗೆಯೇ. ಚಾರ್ಜರ್ ಎಷ್ಟೇ ದೊಡ್ಡದಿರಲಿ, ಎಷ್ಟು ಕರೆಂಟು ಬೇಕೆಂದು ಕೇಳುವುದು ಕಾರಿನೊಳಗಿನ ಕಂಪ್ಯೂಟರ್. ಹಳೆಯ ಸೆಲ್ ಕರೆಂಟಿಗೆ ಹೆಚ್ಚು ಅಡ್ಡಿ ಒಡ್ಡುತ್ತದೆ, ಅದರಿಂದ ಬಿಸಿಯಾಗುತ್ತದೆ. ಬಲವಂತವಾಗಿ ತುಂಬಿಸಿದರೆ ಲಿಥಿಯಂ ಒಳಗೆ ಸೇರದೆ ಮೇಲೆಯೇ ಪದರವಾಗಿ ಕೂರುತ್ತದೆ. ಸೆಲ್ ಇನ್ನಷ್ಟು ಕೆಡುತ್ತದೆ. ಅದಕ್ಕೇ ಕಂಪ್ಯೂಟರ್ “ನಿಧಾನ” ಎನ್ನುತ್ತದೆ. ಆ ಮೊದಲ ಲೀಫ್‌ನ ಬ್ಯಾಟರಿಗೆ ತಂಪು ಮಾಡುವ ಫ್ಯಾನಾಗಲಿ ನೀರಿನ ಕೊಳವೆಯಾಗಲಿ ಇರಲಿಲ್ಲ, ಬಿಸಿ ಬೇಗ ಇಳಿಯುತ್ತಿರಲಿಲ್ಲ.

ಹಾಗಾದರೆ ಸರಿಮಾಡುವುದು ಎಂದರೇನು? ಬಹುಪಾಲು ಅಳೆಯುವುದು! ಫುಕುಶಿಮಾ ಪ್ರಾಂತ್ಯದ ನಮಿಯೆ ಎಂಬ ಊರು 2011ರ ಅಣುಸ್ಥಾವರ ದುರಂತದಲ್ಲಿ ಖಾಲಿಯಾಗಿತ್ತು. ಜನ ಮರಳತೊಡಗಿದ ಮೇಲೆ, 2018ರಲ್ಲಿ, ಲೀಫ್ ಬ್ಯಾಟರಿಗಳಿಗೆ ಮರುಜೀವ ಕೊಡುವ ಕಾರ್ಖಾನೆ ಅಲ್ಲಿ ಶುರುವಾಯಿತು. ಒಂದು ಪೆಟ್ಟಿಗೆಯ 48 ಡಬ್ಬಿಗಳನ್ನು ಪರೀಕ್ಷಿಸಲು ಮೊದಲು 16 ದಿನ ಹಿಡಿಯುತ್ತಿತ್ತಂತೆ. ಅದನ್ನು 4 ಗಂಟೆಗೆ ಇಳಿಸಿದರು. ಚೆನ್ನಾಗಿರುವ, ಒಂದೇ ಸಮನಾದ ಡಬ್ಬಿಗಳನ್ನು ಆರಿಸಿ ಕಾರಿಗೆ ಜೋಡಿಸುತ್ತಾರೆ. ಆ ವರ್ಷ ಜಪಾನಿನಲ್ಲಿ ಇಂಥ ಬ್ಯಾಟರಿಯ ಬೆಲೆ 3 ಲಕ್ಷ ಯೆನ್, ಹೊಸದಕ್ಕೆ ಆರೂವರೆ ಲಕ್ಷ.

ಡಬ್ಬಿಗಳು ಸಮನಾಗಿದ್ದರೆ ಚಾರ್ಜಿಂಗ್ ಹೊಸದರ ಹತ್ತಿರ ಹತ್ತಿರ ಬರುತ್ತದೆ. ಕೆಟ್ಟ ಒಂದನ್ನಷ್ಟೇ ಕಿತ್ತು ಥಳಥಳ ಹೊಸದನ್ನು ಇಟ್ಟರೆ ಏನೂ ಹೆಚ್ಚು ಸಿಗದು, ಪಕ್ಕದ 47 ಹಳೆಯವೇ ತಾನೆ? ಇಷ್ಟಾದರೂ ಲೀಫ್ ಪುಣ್ಯವಂತ ಕಾರು: ಅದರ ಡಬ್ಬಿಗಳು ಬೋಲ್ಟಿನ ಮೇಲಿವೆ, ಬಿಚ್ಚಬಹುದು. ಇತ್ತೀಚಿನ ಕೆಲವು ಕಾರುಗಳಲ್ಲಿ ಸೆಲ್‌ಗಳನ್ನು ಅಂಟು ಹಾಕಿ ಕೂರಿಸುತ್ತಾರೆ. ಪೆಟ್ಟಿಗೆ ಗಟ್ಟಿಯಾಗುತ್ತದೆ ನಿಜ, ರಿಪೇರಿಯವನ ಕೈ ಮಾತ್ರ ಒಳಗೆ ಹೋಗುವುದಿಲ್ಲ. ನನಗಂತೂ ಬೋಲ್ಟೇ ಇಷ್ಟ. (ಬಿಚ್ಚುವ ಕೆಲಸ ಬಲ್ಲವರದ್ದು. ಲೀಫ್ ಪೆಟ್ಟಿಗೆಯಲ್ಲಿ 360 ವೋಲ್ಟ್ ಇರುತ್ತದೆ, ನೀವು ಮುಟ್ಟಕೂಡದು.)

ಕಾರಿಗೆ ಒಗ್ಗದಷ್ಟು ಸೊರಗಿದವು? ಜಪಾನಿನ ರೈಲ್ವೆ ಗೇಟುಗಳಲ್ಲಿ, ಕರೆಂಟು ಹೋದಾಗ ದೀಪ, ಗಂಟೆ ನಡೆಸಲು ಅವನ್ನು ಇಟ್ಟು ನೋಡಿದ್ದಾರೆ. ಅಲ್ಲಿ ಮೊದಲಿದ್ದ ಸೀಸದ ಬ್ಯಾಟರಿ ತುಂಬಲು ಹಿಡಿಯುತ್ತಿದ್ದ ಹೊತ್ತಿನ ಮೂರನೇ ಒಂದು ಪಾಲಿನಲ್ಲಿ ಈ ಹಳೆಯ ಲೀಫ್ ಸೆಲ್‌ಗಳು ತುಂಬುತ್ತವೆ.