ಚಹಾ ಹೊದಿಕೆಯ ಹೂವು ಮತ್ತು ಮಿನುಗುಪುಡಿ

ನೆದರ್ಲೆಂಡ್ಸ್‌ನ ಟೀನಿ ಫಾನ್ ಡೆರ್ ಪ್ಲಾಸ್ 1992ರಲ್ಲಿ ಹುಟ್ಟುಹಬ್ಬದ ಶುಭಾಶಯಪತ್ರವೊಂದನ್ನು ತಯಾರಿಸಲು ಬಳಸಿದ್ದು ಚಹಾ ಚೀಲಗಳ ಬಣ್ಣದ ಕಾಗದದ ಹೊದಿಕೆಗಳನ್ನು. ಇಂದು ಹಲವು ದೇಶಗಳಿಗೆ ಹಬ್ಬಿರುವ ‘ಚಹಾ ಚೀಲದ ಮಡಿಕೆ’ ಕಲೆಯ ಮೂಲ ಅದು. ಒಂದೇ ಅಳತೆಯ ಎಂಟು ಚೌಕಗಳನ್ನು ಒಂದೇ ಬಗೆಯಲ್ಲಿ ಮಡಚಿ, ಒಂದರ ಮಡಿಕೆಯೊಳಗೆ ಇನ್ನೊಂದರ ಅಂಚನ್ನು ಸೇರಿಸುತ್ತ ಹೋದರೆ, ತಲಾ 45 ಡಿಗ್ರಿಯಂತೆ ವೃತ್ತ ತುಂಬಿ ಹೂವಾಗುತ್ತದೆ. ಎಂಟು ಹೊದಿಕೆ ಕೂಡಲು ಎಂಟು ಸಲ ಚಹಾ ಕುಡಿಯಬೇಕು, ಅಷ್ಟೆ.

ಆ ತಾಳ್ಮೆಯೂ ಬೇಡವೆಂದಿತು ಮಾರುಕಟ್ಟೆ. ಇದಕ್ಕೆಂದೇ ಮುದ್ರಿಸಿದ ಹಾಳೆಗಳು ಬಂದವು. ಉಳಿಕೆಯಿಂದ ಹುಟ್ಟಿದ ಕಲೆಗೆ ಹೊಸ ಕಾಗದವೇ ಕಚ್ಚಾವಸ್ತುವಾದದ್ದು ವಿಪರ್ಯಾಸ. ಶುಭಾಶಯಪತ್ರಗಳ ಮೇಲೆ ಉದುರಿಸುವ ಮಿನುಗುಪುಡಿಯಂತೂ ಬಹುಪಾಲು ಪ್ಲಾಸ್ಟಿಕ್. ಮಣ್ಣಿಗೆ, ಹಳ್ಳಕ್ಕೆ ಸೇರಿದ ಮೇಲೆ ಅದನ್ನು ಹೆಕ್ಕಿ ತೆಗೆಯುವಂತಿಲ್ಲ. ಬಿಡಿ ಪ್ಲಾಸ್ಟಿಕ್ ಮಿನುಗುಪುಡಿಯ ಮಾರಾಟವನ್ನು ಐರೋಪ್ಯ ಒಕ್ಕೂಟ 2023ರ ಅಕ್ಟೋಬರಿನಲ್ಲಿ ನಿರ್ಬಂಧಿಸಿತು. ಅದನ್ನೇ ಶಾಲಾ ಮಕ್ಕಳ ಕೈಗಿತ್ತು ‘ಪರಿಸರಸ್ನೇಹಿ ಕರಕುಶಲ’ ಎನ್ನುವುದು ಸಲ್ಲದು.

ಹಾಗೆಂದು ಸಿಕ್ಕ ರದ್ದಿಯೆಲ್ಲ ಮಡಿಕೆಗೆ ಒಗ್ಗದು. ಕಾಗದವೆಂದರೆ ಸಸ್ಯನಾರುಗಳ ಹೆಣಿಗೆ. ಯಂತ್ರದಲ್ಲಿ ತಯಾರಾದ ಕಾಗದದಲ್ಲಿ ನಾರುಗಳು ಹೆಚ್ಚಾಗಿ ಒಂದೇ ದಿಕ್ಕಿಗೆ ಮಲಗಿರುತ್ತವೆ. ಆ ದಿಕ್ಕಿನುದ್ದಕ್ಕೆ ಮಡಿಕೆ ಗೆರೆ ಎಳೆದಂತೆ ಕೂರುತ್ತದೆ. ಅಡ್ಡಲಾಗಿ ಮಡಚಿದರೆ ದಪ್ಪ ಹಾಳೆ ಬಿರಿಯುತ್ತದೆ. ಪ್ಲಾಸ್ಟಿಕ್ ಪದರವುಳ್ಳ ಪೊಟ್ಟಣವಂತೂ ಮಡಚಿದಷ್ಟೂ ಬಿಚ್ಚಿಕೊಳ್ಳುತ್ತದೆ. ಹಳೆಯ ಲಗ್ನಪತ್ರಿಕೆ ಕಾರ್ಡಿನ ತಳಕ್ಕಾದೀತು. ಹೂವಿಗೆ ವಾರಪತ್ರಿಕೆಯ ತೆಳುವಾದ ಬಣ್ಣದ ಪುಟವೇ ಉತ್ತಮ. ಅಂಟಿಗೆ ಮೈದಾ ಹಿಟ್ಟು ಕುದಿಸಿದರೆ ಸಾಕು. ಮಳೆಗಾಲದಲ್ಲಿ ಮಾತ್ರ ಬೂಷ್ಟು ಹಿಡಿಯದಂತೆ ತೆಳುವಾಗಿ ಸವರಿ, ಬೇಗ ಒಣಗಿಸಬೇಕು.