ಯಂತ್ರ ನಮ್ಮದು, ಗಡುವು ಯಾರದು?

2025ರ ಅಕ್ಟೋಬರ್ 14ನೆಯ ತಾರೀಖಿನಂದು ಮೈಕ್ರೋಸಾಫ್ಟ್ ಕಂಪೆನಿಯು ತನ್ನ ವಿಂಡೋಸ್ 10ಕ್ಕೆ ಪುಕ್ಕಟೆಯಾಗಿ ರಕ್ಷಣೆಯ ತೇಪೆ ಹಾಕಿಕೊಡುವುದನ್ನು ನಿಲ್ಲಿಸಿತು. ಅಲ್ಲಿಂದೀಚೆಗೆ ಪೇಟೆ ಬೀದಿಯಲ್ಲಿ ಕೇಳಬರುವುದು ಒಂದೇ ಮಾತು: “ನಿಮ್ಮದು ಹಳೇ ಮಾಡಲ್ಲು ಸ್ವಾಮಿ, ಹೊಸದು ತಗೊಳ್ಳಿ.” ಸೊಸೈಟಿಯಲ್ಲಿ ಸಾಲವೆತ್ತಿ ಮಕ್ಕಳ ಓದಿಗೆಂದು ಕಂಪ್ಯೂಟರು ಕೊಂಡ ಮೇಷ್ಟರಿಗೂ, ಮನೆಯಲ್ಲೇ ಕುಳಿತು ಅರ್ಜಿ ಟೈಪು ಮಾಡಿಕೊಟ್ಟು ನಾಲ್ಕು ಕಾಸು ಕಾಣುವ ಹೆಣ್ಣುಮಗಳಿಗೂ ಇದೇ ಉಪದೇಶ. ಈ ಉಪದೇಶವನ್ನು ನಾವು ಒಪ್ಪುವುದಿಲ್ಲ. ಏಕೆ ಒಪ್ಪುವುದಿಲ್ಲ, ಒಪ್ಪದವರು ಮಾಡಬೇಕಾದ್ದೇನು ಎಂಬುದನ್ನು ವಾಚಕರ ಮುಂದೆ ಇಡುವುದು ನಮ್ಮ ಕರ್ತವ್ಯವೆಂದು ತಿಳಿದಿದ್ದೇವೆ.

ಮೊದಲು ನಡೆದ ಸಂಗತಿ ಏನೆಂದು ನೋಡೋಣ. ವಿಂಡೋಸ್ 10 ಹೊರಬಿದ್ದದ್ದು 2015ರ ಜುಲೈ 29ರಂದು. ವಿಂಡೋಸ್ 11 ಬಂದದ್ದು 2021ರ ಅಕ್ಟೋಬರ್ 5ರಂದು. ಹೊಸದಕ್ಕೆ ಕಂಪೆನಿಯವರು ಹಾಕಿದ ಷರತ್ತು ಟಿ.ಪಿ.ಎಂ. 2.0 ಎಂಬ ಭದ್ರತಾ ಏರ್ಪಾಡು ಯಂತ್ರದಲ್ಲಿರಬೇಕು, ಪ್ರೊಸೆಸರು ಅವರ ಪಟ್ಟಿಯಲ್ಲಿರಬೇಕು ಎಂಬುದು. ಇಂಟೆಲ್ಲಿನ ಎಂಟನೆಯ ಪೀಳಿಗೆಗಿಂತ ಹಿಂದಿನವು ಹೆಚ್ಚುಕಡಿಮೆ ಎಲ್ಲವೂ ಪಟ್ಟಿಯಿಂದ ಹೊರಗೆ. ಆ ಯಂತ್ರಗಳೇನು ಕೆಟ್ಟು ಕೂತಿವೆಯೇ? ಇಲ್ಲ. ನಿನ್ನೆ ಮಾಡಿದ ಕೆಲಸವನ್ನು ಇಂದೂ ಮಾಡುತ್ತವೆ, ನಾಳೆಯೂ ಮಾಡುತ್ತವೆ. ನೊಗವನ್ನು ಬದಲಾಯಿಸಿದವನು, ಹೆಗಲಿಗೆ ಅದು ಹೊಂದದ ಎತ್ತನ್ನು ಮಾರಿಬಿಡು ಎಂದಂತಾಯಿತು. ವಿಂಡೋಸ್ 10 ಕೂಡ ಆ ದಿನ ನಿಂತುಹೋಗಲಿಲ್ಲ ಎಂಬುದನ್ನು ಹೇಳಬೇಕು. ನಿಂತದ್ದು ತೇಪೆ. ತೇಪೆಯಿಲ್ಲದ ಯಂತ್ರದಲ್ಲಿ ಬ್ಯಾಂಕಿನ ವ್ಯವಹಾರ ಮಾಡುವುದು ಬಾಗಿಲಿಗೆ ಅಗಳಿ ಹಾಕದೆ ಮಲಗಿದ ಹಾಗೆ. ಎಂದೋ ಒಂದು ರಾತ್ರಿ ಕಳ್ಳ ಬಂದೇ ಬರುತ್ತಾನೆ.

ಇನ್ನೊಂದು ವರ್ಷ ತೇಪೆ ಬೇಕಾದವರಿಗೆ 2025ರಲ್ಲಿ ಕಂಪೆನಿ ಮೂರು ದಾರಿ ತೋರಿಸಿತು: 30 ಡಾಲರು ತೆರಿ, ಇಲ್ಲವೆ ಅವರ ಬಹುಮಾನದ ಅಂಕ ಸಾವಿರವನ್ನು ಕೊಡಿ, ಅದೂ ಇಲ್ಲವೆ ನಿಮ್ಮ ಯಂತ್ರದ ಸೆಟ್ಟಿಂಗುಗಳ ನಕಲನ್ನು ನಮ್ಮ ಕಣಜದಲ್ಲಿ ಇಡಿ. ಇದರ ಅವಧಿ 2026ರ ಅಕ್ಟೋಬರ್ 13ರವರೆಗೆ. ಯುರೋಪಿನಲ್ಲಿ ಬಳಕೆದಾರರ ಸಂಘಟನೆಯೊಂದು ಇದನ್ನು ಪ್ರಶ್ನಿಸಿ ಪತ್ರ ಬರೆದು ಪಟ್ಟು ಹಿಡಿಯಿತು. ಅಲ್ಲಿಯವರಿಗೆ ಹಣವೂ ಇಲ್ಲ, ನಕಲಿನ ಷರತ್ತೂ ಇಲ್ಲ ಎಂದು ಕಂಪೆನಿ ಇಳಿದು ಬಂತು. ಅದೇ ಕಂಪೆನಿ, ಅದೇ ತೇಪೆ! ಕೇಳಿದವರಿಗೆ ಒಂದು ನ್ಯಾಯ, ಕೇಳದವರಿಗೆ ಒಂದು ನ್ಯಾಯ.

ಆದರೆ ಸಿಟ್ಟಾಗಿ ಕುಳಿತರೆ ಯಂತ್ರ ಉಳಿಯದು. ಯಂತ್ರವನ್ನು ತೊಳೆದು ಹೊಸದಾಗಿ ಕಾರ್ಯವ್ಯವಸ್ಥೆ ಹಾಕುವ ಕೆಲಸವನ್ನು, ನಮ್ಮ ಕಡೆ ‘ಫಾರ್ಮ್ಯಾಟ್ ಹೊಡೆಸುವುದು’ ಎನ್ನುವ ಆ ಕೆಲಸವನ್ನು, ಮನೆಮನೆಯವರೂ ಕಲಿಯಬೇಕು. ಇದು ಮಂತ್ರವಲ್ಲ, ಒಂದು ಮಧ್ಯಾಹ್ನದ ಕೆಲಸ. ಇದನ್ನು ಮಂತ್ರವೆಂಬಂತೆ ಉಳಿಸಿಕೊಂಡಿರುವುದರಲ್ಲಿ ಕೆಲವರಿಗೆ ಲಾಭವಿದೆ ಎಂಬುದು ಬೇರೆ ಮಾತು.

ಹಾರ್ಡ್ ಡಿಸ್ಕನ್ನು ಒಂದು ಹೊಲವೆಂದುಕೊಳ್ಳಿ. ಹೊಲವನ್ನು ಅಣ್ಣತಮ್ಮಂದಿರು ಹಿಸ್ಸೆ ಮಾಡಿಕೊಳ್ಳುವಾಗ ಏನು ಮಾಡುತ್ತಾರೆ? ಪಾಲುಪಟ್ಟಿ ಬರೆಯುತ್ತಾರೆ, ಗಡಿಕಲ್ಲು ನೆಡುತ್ತಾರೆ. ಡಿಸ್ಕಿನ ಪಾರ್ಟಿಷನ್ ಅಂದರೆ ಇಷ್ಟೇ. ಇಂಥ ಕಡೆಯಿಂದ ಇಂಥ ಕಡೆಯವರೆಗೆ ಒಂದು ಪಾಲು, ಅಲ್ಲಿಂದ ಮುಂದಕ್ಕೆ ಇನ್ನೊಂದು, ಎಂದು ಡಿಸ್ಕಿನ ಆರಂಭದಲ್ಲಿ ಒಂದು ಪಟ್ಟಿ ಬರೆದಿರುತ್ತದೆ. ಒಂದು ಪಾಲನ್ನು ಉತ್ತು ಹರಗಿದರೂ ಪಕ್ಕದ ಪಾಲಿನ ಬೆಳೆ ಅಲುಗದು.

ಈ ಪಾಲುಪಟ್ಟಿಯ ಹುಟ್ಟನ್ನು ಸ್ವಲ್ಪ ನೆನೆಯುವುದು ಒಳ್ಳೆಯದು. 1983ರಲ್ಲಿ ಐ.ಬಿ.ಎಂ. ಕಂಪೆನಿಯು 10 ಮೆಗಾಬೈಟಿನ ಡಿಸ್ಕನ್ನು ಒಳಗಿಟ್ಟು ಪಿ.ಸಿ. ಎಕ್ಸ್‌.ಟಿ. ಎಂಬ ಯಂತ್ರವನ್ನು ಮಾರುಕಟ್ಟೆಗೆ ತಂದಿತು. ಅದರ ಜೊತೆಗೆ ಬಂದ ಡಾಸ್ 2.0ರಲ್ಲಿ ಡಿಸ್ಕನ್ನು ನಾಲ್ಕು ಪಾಲಿನವರೆಗೆ ಒಡೆಯುವ ಸೌಕರ್ಯವಿತ್ತು. ಡಿಸ್ಕಿನ ಮೊದಲ 512 ಬೈಟುಗಳಲ್ಲಿ 64 ಬೈಟು ಈ ಪಟ್ಟಿಗೆ ಮೀಸಲು, ಪಾಲಿಗೆ 16ರಂತೆ. ಇದನ್ನು ಮಾಡಿದ್ದೇಕೆ? ಒಂದೇ ಯಂತ್ರದಲ್ಲಿ ಬೇರೆ ಬೇರೆ ಕಾರ್ಯವ್ಯವಸ್ಥೆಗಳು ಬಾಳಲಿ ಎಂದು! ಮಾಲೀಕನಿಗೆ ಆಯ್ಕೆ ಇರಬೇಕೆಂಬುದು ಪಟ್ಟಿಯ ಹುಟ್ಟಿನಲ್ಲೇ ಇತ್ತು. ಈಚಿನ ಯಂತ್ರಗಳಲ್ಲಿರುವ ಜಿ.ಪಿ.ಟಿ. ಎಂಬ ಹೊಸ ಪಟ್ಟಿಯಲ್ಲಿ ಸಾಮಾನ್ಯವಾಗಿ 128 ಪಾಲಿಗೆ ಸ್ಥಳವಿದೆ. ಇಷ್ಟು ಸ್ಥಳವಿದ್ದೂ ಅಂಗಡಿಯಿಂದ ಬರುವ ಲ್ಯಾಪ್‌ಟಾಪಿನಲ್ಲಿ ಮಾಲೀಕನ ಕಣ್ಣಿಗೆ ಬೀಳುವುದು ಬಹುಮಟ್ಟಿಗೆ ಒಂದೇ ಪಾಲು, ಸಿ ಡ್ರೈವು. ಯಂತ್ರ ಏಳುವುದಕ್ಕೆ ಬೇಕಾದ ಸಣ್ಣದೊಂದು, ಕಂಪೆನಿಯ ‘ರಿಕವರಿ’ ಎಂಬುದೊಂದು, ಇವು ಮರೆಯಲ್ಲಿರುತ್ತವೆ.

ಇಲ್ಲಿ ಒಂದು ಅನುಮಾನವನ್ನು ಪರಿಹರಿಸಿಬಿಡೋಣ. ಐನೂರು ಗಿಗಾಬೈಟಿನ ಡಿಸ್ಕೆಂದು ಹಣ ಕೊಟ್ಟು ತಂದರೆ ವಿಂಡೋಸಿನಲ್ಲಿ 465 ಎಂದು ಕಾಣುತ್ತದೆ. ಅಂಗಡಿಯವನು ಮೋಸ ಮಾಡಿದನೆಂದು ಜಗಳಕ್ಕೆ ಹೋದವರಿದ್ದಾರೆ. ಮೋಸವಲ್ಲ, ಅಳತೆ ಎರಡು. ಡಿಸ್ಕು ಮಾಡುವವನು ಸಾವಿರದ ಲೆಕ್ಕದಲ್ಲಿ ಅಳೆಯುತ್ತಾನೆ, ವಿಂಡೋಸು 1024ರ ಲೆಕ್ಕದಲ್ಲಿ. ಊರಿಗೊಂದು ಸೇರು ಇದ್ದ ಕಾಲದವರಿಗೆ ಇದನ್ನು ಹೆಚ್ಚು ವಿವರಿಸಬೇಕಾಗಿಲ್ಲ.

ಈಗ ಅಸಲು ಮಾತು. ಕಾರ್ಯವ್ಯವಸ್ಥೆ ಒಂದು ಪಾಲಿನಲ್ಲಿರಲಿ, ನಮ್ಮ ದುಡಿಮೆ ಇನ್ನೊಂದು ಪಾಲಿನಲ್ಲಿರಲಿ. ಐನೂರರ ಡಿಸ್ಕಿನಲ್ಲಿ ವಿಂಡೋಸಿಗೆ ನೂರು ನೂರಿಪ್ಪತ್ತು ಬಿಟ್ಟರೆ ಧಾರಾಳವಾಯಿತು. ಉಳಿದದ್ದು ಮಕ್ಕಳ ಪಾಠಕ್ಕೆ, ಪಟಗಳಿಗೆ, ಲೆಕ್ಕಪತ್ರಕ್ಕೆ. ಹೀಗಿದ್ದರೆ ಎಂದಾದರೂ ವಿಂಡೋಸು ಕೆಟ್ಟರೆ ಆ ಪಾಲೊಂದನ್ನೇ ಅಳಿಸಿ ಮತ್ತೆ ಹಾಕಬಹುದು. ಆದರೆ ನಮ್ಮ ಜನರ ರೂಢಿ ಹೇಗಿದೆ? ಡಿ ಡ್ರೈವು ಮಾಡಿಸಿಕೊಂಡಿರುತ್ತಾರೆ, ಅದು ಖಾಲಿ ಬಿದ್ದಿರುತ್ತದೆ. ಸಕಲವೂ ಡೆಸ್ಕ್‌ಟಾಪಿನ ಮೇಲೆ! ಡೆಸ್ಕ್‌ಟಾಪು, ಡಾಕ್ಯುಮೆಂಟ್ಸು, ಡೌನ್‌ಲೋಡ್ಸು ಇವೆಲ್ಲ ಇರುವುದು ಸಿ ಡ್ರೈವಿನೊಳಗೇ. ಫಾರ್ಮ್ಯಾಟ್ ಹೊಡೆದ ದಿನ ಮೊದಲು ಹೋಗುವುದೇ ಅವು. ಪಾಲಾಗಿದೆಯೆಂದು ಮೈಮರೆಯುವುದೂ ತರವಲ್ಲ. ಒಂದೇ ಡಿಸ್ಕಿನ ಎರಡು ಪಾಲು ಒಂದೇ ಸೂರಿನಡಿಯ ಎರಡು ಕೋಣೆ. ಸೂರೇ ಕುಸಿದರೆ ಎರಡೂ ನೆಲಸಮ. ಆದ್ದರಿಂದ ಬೇರೊಂದು ಡಿಸ್ಕಿನಲ್ಲಿ ನಕಲು ಇಡದೆ ಈ ಕೆಲಸಕ್ಕೆ ಕೈಹಾಕತಕ್ಕದ್ದಲ್ಲ.

ಕನ್ನಡದಲ್ಲಿ ಬರೆಯುವವರಿಗೆ ಇನ್ನೊಂದು ಅಪಾಯ ಕಾದಿದೆ. ಇದನ್ನು ಇಂಗ್ಲಿಷಿನ ಯಾವ ಕೈಪಿಡಿಯೂ ಹೇಳುವುದಿಲ್ಲ. ಯೂನಿಕೋಡು ಬಳಕೆಗೆ ಬರುವ ಮುಂಚೆ, ಬಂದ ಮೇಲೂ ಎಷ್ಟೋ ವರ್ಷ, ನಾವು ನುಡಿಯಲ್ಲಿ, ಬರಹದಲ್ಲಿ, ಶ್ರೀಲಿಪಿಯಲ್ಲಿ ಟೈಪು ಮಾಡಿದ್ದೆಲ್ಲ ಆಯಾ ತಂತ್ರಾಂಶದ ಸ್ವಂತ ಅಕ್ಷರಮಾದರಿಯನ್ನು, ಅಂದರೆ ಫಾಂಟನ್ನು, ನಂಬಿ ನಿಂತಿದೆ. ಕಡತದೊಳಗೆ ಇರುವುದು ಕನ್ನಡ ಅಕ್ಷರವಲ್ಲ. ಪರಭಾಷೆಯ ಅಕ್ಷರಗಳ ಸಂಕೇತ. ಅದಕ್ಕೆ ಕನ್ನಡದ ವೇಷ ತೊಡಿಸುವುದು ಫಾಂಟು. ಆ ಫಾಂಟು ಎಲ್ಲಿದೆ? ಅದೇ ಸಿ ಡ್ರೈವಿನ ವಿಂಡೋಸ್ ಕೋಶದಲ್ಲಿ. ಅದನ್ನು ಅಳಿಸಿ ಹೊಸ ವ್ಯವಸ್ಥೆ ಹಾಕಿದ ಮರುದಿನ, ಜೋಪಾನವಾಗಿ ಡಿ ಡ್ರೈವಿನಲ್ಲಿಟ್ಟಿದ್ದ ಕಡತವನ್ನು ತೆರೆದರೆ ಕಾಣುವುದು ತಲೆಯ ಮೇಲೆ ಚುಕ್ಕೆ ಗೀಟು ಹೊತ್ತ ಪರದೇಶಿ ಅಕ್ಷರಗಳ ಕಲಸುಮೇಲೋಗರ. ಸಂಘದ ಹಳೆಯ ನಡವಳಿ ಪುಸ್ತಕ, ಶಾಲೆಯ ಸ್ಮರಣ ಸಂಚಿಕೆ, ಅಪ್ಪ ಬರೆಸಿಟ್ಟ ಊರಿನ ಚರಿತ್ರೆ, ಎಲ್ಲಕ್ಕೂ ಇದೇ ಗತಿ. ಕಡತ ಕೆಟ್ಟಿತೆಂದು ಹೆದರಿ ಎಸೆದುಬಿಡುವವರೂ ಉಂಟು. ಕೆಟ್ಟಿಲ್ಲ, ವೇಷ ಕಳಚಿದೆ ಅಷ್ಟೆ. ಆದುದರಿಂದ ಅಳಿಸುವ ಮುಂಚೆ ಫಾಂಟುಗಳ ಕೋಶದಿಂದ ಕನ್ನಡದವುಗಳನ್ನೆಲ್ಲ ಬೇರೆಡೆಗೆ ನಕಲು ಮಾಡಿಕೊಳ್ಳಿ. ಬಿಡುವಾದಾಗ ಹಳೆಯ ಕಡತಗಳನ್ನು ಪರಿವರ್ತಕದ ಮೂಲಕ ಯೂನಿಕೋಡಿಗೆ ತನ್ನಿ. ಒತ್ತಕ್ಷರಗಳು ಅಲ್ಲಲ್ಲಿ ಎಡವುತ್ತವೆ, ಕಣ್ಣಿಟ್ಟು ತಿದ್ದಬೇಕು. ಒಂದು ಭಾಷೆಯ ನೆನಪು ಖಾಸಗಿ ಫಾಂಟುಗಳ ಮರ್ಜಿಯಲ್ಲಿ ನೇತಾಡುವಂತಾದದ್ದಕ್ಕೆ ಸರ್ಕಾರಿ ಕಛೇರಿಗಳ ಹೊಣೆಯೂ ಕಡಿಮೆಯದಲ್ಲ.

ಬೀಗದ ಕೈಯ ವಿಚಾರವೂ ಇದೆ. ವಿಂಡೋಸ್ 11ರ 2024ರ ಆವೃತ್ತಿಯನ್ನು ಹೊಸದಾಗಿ ಹಾಕಿ ಮೈಕ್ರೋಸಾಫ್ಟಿನ ಖಾತೆಯಲ್ಲಿ ಪ್ರವೇಶಿಸಿದರೆ, ಅನೇಕ ಯಂತ್ರಗಳಲ್ಲಿ ಡಿಸ್ಕು ತಾನಾಗಿಯೇ ಬೀಗ ಹಾಕಿಕೊಳ್ಳುತ್ತದೆ. ಬೀಗ ಒಳ್ಳೆಯದೇ, ಲ್ಯಾಪ್‌ಟಾಪು ಕಳವಾದರೆ ಒಳಗಿನದು ಕಳ್ಳನಿಗೆ ಸಿಗದು. ಆದರೆ 48 ಅಂಕಿಗಳ ಆ ಬೀಗದ ಕೈ ಹೋಗಿ ಕೂರುವುದು ಕಂಪೆನಿಯ ಖಾತೆಯಲ್ಲಿ. ಅಂಗಡಿಯ ಹುಡುಗನು ತನ್ನದೋ ಯಾರದೋ ಖಾತೆ ತೆರೆದು ಕೊಟ್ಟಿದ್ದರೆ ಮುಗಿಯಿತು. ವ್ಯವಸ್ಥೆಯನ್ನು ಮತ್ತೆ ಹಾಕಿದ ದಿನ ಡಿ ಡ್ರೈವು ಅಲ್ಲೇ ಇರುತ್ತದೆ, ಬಾಗಿಲು ಮಾತ್ರ ತೆರೆಯುವುದಿಲ್ಲ. ತಿಜೋರಿ ನಮ್ಮದು, ಬೀಗದ ಕೈ ಊರಾಚೆಯ ಸಾಹುಕಾರನದು! ಆ ಅಂಕಿಗಳನ್ನು ಇಂದೇ ಹುಡುಕಿ ಕಾಗದದ ಮೇಲೆ ಬರೆದಿಟ್ಟುಕೊಳ್ಳಬೇಕು.

ವಿಂಡೋಸಿನಲ್ಲೇ ಇರುವವರು ತಿಳಿಯಬೇಕಾದ್ದು ಇನ್ನೊಂದುಂಟು. ವಿಂಡೋಸ್ 8ರ ಕಾಲದಿಂದೀಚೆಗೆ ವಿಂಡೋಸಿನ ಸಮೇತ ಕೊಂಡ ಲ್ಯಾಪ್‌ಟಾಪುಗಳಲ್ಲಿ ಪರವಾನಗಿಯ ಕೀಲಿಸಂಖ್ಯೆಯನ್ನು ಯಂತ್ರದ ಒಡಲಲ್ಲೇ ಬರೆದಿರುತ್ತಾರೆ. ಅದೇ ವಿಂಡೋಸನ್ನು ಮತ್ತೆ ಹಾಕಲು ಎರಡನೆಯ ಬಾರಿ ಹಣ ಕೊಡಬೇಕಾಗಿಲ್ಲ. 8 ಗಿಗಾಬೈಟಿನ ಪೆನ್‌ಡ್ರೈವು, ಕಂಪೆನಿಯೇ ಪುಕ್ಕಟೆ ಕೊಡುವ ಸಾಧನ, ಇಷ್ಟು ಸಾಕು. ಇದನ್ನು ತಿಳಿಯದೆ ಕಾಸು ಕೊಟ್ಟು ಕಳ್ಳಪ್ರತಿಯನ್ನು ಹಾಕಿಸಿಕೊಂಡು ಬರುವವರು ಎಷ್ಟು ಮಂದಿ! ಹಾಗೆಂದು ಕೊಂಡದ್ದು ನಮ್ಮದಾಯಿತೇ? ಇಲ್ಲ. ಈ ತಂತ್ರಾಂಶವನ್ನು ಮಾರಿಲ್ಲ, ಪರವಾನಗಿಯ ಮೇಲೆ ಕೊಟ್ಟಿದೆ ಎಂದು ಕರಾರಿನಲ್ಲೇ ಬರೆದಿದೆ. ಜಮೀನಿನ ಗೇಣಿ 1974ರಲ್ಲಿ ಜಾರಿಗೆ ಬಂದ ತಿದ್ದುಪಡಿಯಿಂದ ಹೋಯಿತು. ಮೇಜಿನ ಮೇಲಿನ ಗೇಣಿ ಇನ್ನೂ ಉಳಿದಿದೆ.

ಗೇಣಿಯಿಲ್ಲದ ದಾರಿಯೂ ಇದೆ. 1983ರಲ್ಲಿ ರಿಚರ್ಡ್ ಸ್ಟಾಲ್ಮನ್ ಎಂಬವರು ಎಲ್ಲರೂ ಬಳಸಿ, ಓದಿ, ತಿದ್ದಿ, ಹಂಚಬಹುದಾದ ಕಾರ್ಯವ್ಯವಸ್ಥೆಯೊಂದನ್ನು ಕಟ್ಟುವೆನೆಂದು ಗ್ನೂ ಯೋಜನೆಯನ್ನು ಸಾರಿದರು. 1991ರಲ್ಲಿ ಫಿನ್‌ಲೆಂಡಿನ ವಿದ್ಯಾರ್ಥಿ ಲೀನಸ್ ಟೋರ್ವಾಲ್ಡ್ಸ್ ಅದರ ಗರ್ಭಕ್ಕೆ ಬೇಕಾದ ಲಿನಕ್ಸನ್ನು ಬರೆದರು. ಇವೆರಡರ ಮೇಲೆ ಕಟ್ಟಿದ ಡೆಬಿಯನ್, ಉಬುಂಟು, ಮಿಂಟ್ ಮೊದಲಾದವು ಕಂಪೆನಿ ಕೈಬಿಟ್ಟ ಯಂತ್ರಗಳಲ್ಲಿ ಸಲೀಸಾಗಿ ಓಡುತ್ತವೆ, ತೇಪೆಯೂ ಪುಕ್ಕಟೆ. ಪೆನ್‌ಡ್ರೈವಿನಿಂದಲೇ ಎಬ್ಬಿಸಿ, ಡಿಸ್ಕನ್ನು ಮುಟ್ಟದೆ, ವೈಫೈ ಪ್ರಿಂಟರುಗಳು ಮಾತು ಕೇಳುತ್ತವೆಯೋ ಇಲ್ಲವೋ ಪರೀಕ್ಷಿಸಬಹುದು. ಎರಡೂ ಬೇಕೆನ್ನುವವರು ಮೊದಲು ವಿಂಡೋಸು, ಆಮೇಲೆ ಲಿನಕ್ಸು, ಈ ಕ್ರಮದಲ್ಲಿ ಹಾಕಬೇಕು. ಗಣಕ ಪರಿಷತ್ತಿನ ಕೀಲಿಮಣೆ ವಿನ್ಯಾಸ ಇಲ್ಲಿಯೂ ಸಿಗುತ್ತದೆ. ತೊಡಕಿಲ್ಲವೆಂದು ನಾವು ಹೇಳುವುದಿಲ್ಲ. ಟ್ಯಾಲಿಯಲ್ಲಿ ಲೆಕ್ಕ ಬರೆಯುವ ಅಂಗಡಿಕಾರನಿಗೆ, ವಿಂಡೋಸಿಗಷ್ಟೇ ತಯಾರಾದ ಸಲಕರಣೆಯನ್ನು ನೆಚ್ಚಿದವನಿಗೆ ಕಷ್ಟವಿದೆ. ಅಂಥವರು ಒಂದು ಪಾಲಿನಲ್ಲಿ ವಿಂಡೋಸನ್ನು ಉಳಿಸಿಕೊಳ್ಳಲಿ. ಪಾಲು ಮಾಡುವ ವಿದ್ಯೆ ಇರುವುದೇ ಅದಕ್ಕೆ.

ನೆರೆಯ ಕೇರಳದಲ್ಲಿ ಸರ್ಕಾರಿ ಶಾಲೆಗಳಿಗಾಗಿ 2001ರಲ್ಲಿ ಐ.ಟಿ. ಅಟ್ ಸ್ಕೂಲ್ ಎಂಬ ಯೋಜನೆ ಹುಟ್ಟಿತು. ಅದೇ 2017ರಲ್ಲಿ ಕೈಟ್ ಎಂಬ ಸರ್ಕಾರಿ ಕಂಪೆನಿಯಾಯಿತು. ಅಲ್ಲಿ ಮಕ್ಕಳು ಕಲಿಯುವುದು ಮುಕ್ತ ತಂತ್ರಾಂಶದಲ್ಲಿ, ಹತ್ತನೆಯ ತರಗತಿಯ ಐ.ಟಿ. ಪರೀಕ್ಷೆ ಬರೆಯುವುದೂ ಅದರಲ್ಲೇ. ಶಾಲೆಗಳಿಗೆ ಬೇಕಾದ ಹಾಗೆ ತಿದ್ದಿದ ಕಾರ್ಯವ್ಯವಸ್ಥೆಯನ್ನು ಆ ಸಂಸ್ಥೆಯೇ ಸಿದ್ಧಪಡಿಸುತ್ತದೆ. ಅಲ್ಲಿಯ ಮೇಷ್ಟರಿಗೆ ಸಾಧ್ಯವಾದದ್ದು ಘಟ್ಟದ ಈಚೆಗಿನ ಮೇಷ್ಟರಿಗೆ ಏಕೆ ಅಸಾಧ್ಯವಾಗಬೇಕು?

ನಮ್ಮ ಬೇಡಿಕೆ ದೊಡ್ಡದೇನಲ್ಲ. ಮನೆ ಕಂದಾಯದ ಜೊತೆಗೆ ನಾವೆಲ್ಲ ರೂಪಾಯಿಗೆ ಆರು ಪೈಸೆಯಂತೆ ಗ್ರಂಥಾಲಯ ಕರ ತೆರುತ್ತಿದ್ದೇವೆ. ನಗರದ ಗ್ರಂಥಾಲಯದಲ್ಲಿ ಒಂದು ಮೇಜು, ನಾಲ್ಕು ಪೆನ್‌ಡ್ರೈವು, ನಕಲು ಇಳಿಸಿಕೊಳ್ಳಲು ಒಂದು ದೊಡ್ಡ ಡಿಸ್ಕು, ತಿಂಗಳಿಗೆ ಎರಡು ಭಾನುವಾರ ಕುಳಿತು ತೋರಿಸಿಕೊಡುವ ಒಬ್ಬರು, ಇಷ್ಟನ್ನು ಏರ್ಪಡಿಸಲಿ. ಪಂಚಾಯತಿಗಳ ಅರಿವು ಕೇಂದ್ರಗಳಿಗೂ ಅದನ್ನೇ ವಿಸ್ತರಿಸಲಿ. ಸರ್ಕಾರದ ಹಣದಲ್ಲಿ ಕೊಳ್ಳುವ ಯಂತ್ರಗಳ ಟೆಂಡರಿನಲ್ಲಿ ಎರಡು ಷರತ್ತು ಸೇರಲಿ: ಲಿನಕ್ಸಿನಲ್ಲಿ ಓಡುವುದನ್ನು ಪರೀಕ್ಷಿಸಿಯೇ ಯಂತ್ರವನ್ನು ಒಪ್ಪಿಸಿಕೊಳ್ಳತಕ್ಕದ್ದು, ಡಿಸ್ಕಿಗೆ ಬೀಗ ಹಾಕಿದ್ದರೆ ಅದರ ಅಂಕಿಗಳನ್ನು ಶಾಲೆಯ ದಾಖಲೆ ಪುಸ್ತಕದಲ್ಲಿ ಬರೆದಿಡತಕ್ಕದ್ದು. ವಿಂಡೋಸ್ 11 ಒಪ್ಪದ ಯಂತ್ರಗಳನ್ನು ಗುಜರಿ ಹರಾಜಿಗೆ ಹಾಕುವ ಮುನ್ನ ಒಂದೊಂದನ್ನೂ ಪೆನ್‌ಡ್ರೈವಿನಿಂದ ಎಬ್ಬಿಸಿ ನೋಡಿದ್ದೇವೆಂದು ಅಧಿಕಾರಿಗಳು ರುಜು ಹಾಕಲಿ.