ಜಲಪಾತ ತೋರಿಸಿ ಖುಷ್ಕಿ ಮಾರುವವರು

ಮೊಬೈಲ್ ತೆರೆದರೆ ನಮ್ಮ ಮಳವಳ್ಳಿಯೇ ನಮಗೆ ಗುರುತು ಸಿಗದಂತಾಗಿದೆ. ಡ್ರೋನ್ ಮೇಲಕ್ಕೇರುತ್ತದೆ, ಗಗನಚುಕ್ಕಿ ಭೋರ್ಗರೆಯುತ್ತದೆ, ಹಿಂದೆ ಕೊಳಲಿನ ಸಂಗೀತ. ಆಮೇಲೆ ಕೂಲಿಂಗ್ ಗ್ಲಾಸ್ ಹಾಕಿದ ಹುಡುಗನೊಬ್ಬ ಬಂದು ‘ಫ್ರೆಂಡ್ಸ್, ಬೆಂಗಳೂರಿನಿಂದ ಬರೀ ಒಂದು ಗಂಟೆ, ಹತ್ತು ಗುಂಟೆಯ ಫಾರ್ಮ್ ಲ್ಯಾಂಡ್, ಕೆಲವೇ ಪ್ಲಾಟ್ ಉಳಿದಿವೆ’ ಅನ್ನುತ್ತಾನೆ. ಜಮೀನಿರುವುದು ಹಲಗೂರು ಹೋಬಳಿಯ ಒಂದು ಬೋರೆಯ ಮೇಲೆ. ಜಲಪಾತಕ್ಕೂ ಅದಕ್ಕೂ ಇರುವ ನಂಟು ತಾಲ್ಲೂಕು ಒಂದೇ ಎಂಬುದಷ್ಟೆ. ಇನ್ನು ಒಂದು ಗಂಟೆಯ ಮಾತು. ಕನಕಪುರದ ಮೇಲೆ ಬೆಂಗಳೂರು ನೂರು ಕಿಲೋಮೀಟರ್ ಆಸುಪಾಸು. ಬಸ್ಸಿನಲ್ಲಿ ನಿಂತು ಓಡಾಡಿದ ನಮಗೆ ಆ ಲೆಕ್ಕ ಯಾರೂ ಹೇಳಿಕೊಡಬೇಕಿಲ್ಲ.

ಬ್ರೋಕರ್‌ಗಳನ್ನು ಬೈಯಲು ನಾವು ಕೂತಿಲ್ಲ. ಆನ್‌ಲೈನಿಗೆ ಬರುವ ಮೊದಲು ಈ ವ್ಯವಹಾರ ಏನೂ ಪರಿಶುದ್ಧವಾಗಿರಲಿಲ್ಲ. ತಾಲ್ಲೂಕು ಕಚೇರಿ ಎದುರಿನ ಟೀ ಅಂಗಡಿಯಲ್ಲಿ ಕೂತವನಿಗೆ ಮಾರುವವನ ಕಷ್ಟವೂ ಗೊತ್ತಿತ್ತು, ಕೊಳ್ಳುವವನ ಜೇಬೂ ಗೊತ್ತಿತ್ತು. ಅವರಿಬ್ಬರಿಗೆ ಮಾತ್ರ ಒಬ್ಬರದೊಬ್ಬರಿಗೆ ಗೊತ್ತಿರಲಿಲ್ಲ. ಮಗಳ ಮದುವೆಗೆಂದು ಅರ್ಧ ಎಕರೆ ಬಿಟ್ಟುಕೊಟ್ಟ ರೈತ ಪಕ್ಕದ ಸರ್ವೆ ನಂಬರ್ ಎಷ್ಟಕ್ಕೆ ಹೋಯಿತೆಂದು ತಿಳಿಯುವ ಹೊತ್ತಿಗೆ ರಿಜಿಸ್ಟರ್ ಮುಗಿದಿರುತ್ತಿತ್ತು. ಈಗ ಕನಿಷ್ಠ ಊರಿನ ರೇಟು ನಾಲ್ಕು ಜನರ ಕಣ್ಣಿಗೆ ಬೀಳುತ್ತದೆ. ಅಂಗಡಿ ಬಾಡಿಗೆ ಕಟ್ಟಲಾಗದ ನಮ್ಮೂರ ಹುಡುಗನೂ ಒಂದು ಫೋನಿನಲ್ಲಿ ದಂಧೆ ಶುರುಮಾಡಬಹುದು. ಇದು ಒಳ್ಳೆಯದೇ.

ಕೆಡುಕಿರುವುದು ವಿಡಿಯೊದಲ್ಲಿ ಬಿಟ್ಟುಹೋಗುವ ಸಂಗತಿಗಳಲ್ಲಿ. ನಾಲೆಯಲ್ಲಿ ನೀರಿದ್ದಾಗ ಮಾತ್ರ ಕ್ಯಾಮೆರಾ ಬರುತ್ತದೆ. ವಿಶ್ವೇಶ್ವರಯ್ಯ ನಾಲೆಯ ಕೊನೆ ಭಾಗದವರು ನಾವು. ನೀರು ಬಿಟ್ಟ ಸುದ್ದಿ ಪೇಪರಿನಲ್ಲಿ ಬಂದ ಎಷ್ಟು ದಿನಕ್ಕೆ ಗದ್ದೆಗೆ ತಲುಪುತ್ತದೆಂಬುದು ಇಲ್ಲಿನವರಿಗೆ ಗೊತ್ತು. 2023ರಲ್ಲಿ ಕನ್ನಂಬಾಡಿಯೇ ತುಂಬಲಿಲ್ಲ. ಆ ವರ್ಷದ ಬೇಸಿಗೆಯಲ್ಲಿ ತೆಗೆದ ಒಂದೇ ಒಂದು ಜಾಹೀರಾತು ವಿಡಿಯೊ ನಮ್ಮ ಕಣ್ಣಿಗೆ ಬಿದ್ದಿಲ್ಲ. ಪಹಣಿಯಲ್ಲಿ ‘ಖುಷ್ಕಿ’ ಎಂದಿದ್ದರೂ ರೀಲ್ಸ್‌ನಲ್ಲಿ ಅದು ‘ಕಾವೇರಿ ತೀರದ ತೋಟ’.

ಇನ್ನೊಂದು ಸಂಕಟ ಇದಕ್ಕಿಂತ ದೊಡ್ಡದು. ಕಿರುಗಾವಲು ಕಡೆಯ ಹಿರಿಯರೊಬ್ಬರ ಮನೆಗೆ ಒಂದು ಭಾನುವಾರ ಬೆಂಗಳೂರಿನ ಕಾರು ಬಂತು. ‘ಸೈಟ್ ವಿಸಿಟ್‌ಗೆ ಬಂದಿದ್ದೀವಿ’ ಅಂದರಂತೆ. ಮಾರುವ ಯೋಚನೆಯೇ ಅವರಿಗಿರಲಿಲ್ಲ. ಯಾರೋ ದಾರಿಯಲ್ಲಿ ನಿಂತು ಗದ್ದೆಯ ವಿಡಿಯೊ ಮಾಡಿ ರೇಟು ಹಾಕಿದ್ದರು, ಅದನ್ನೇ ಇನ್ನೂ ಮೂವರು ಎತ್ತಿಕೊಂಡು ತಮ್ಮ ತಮ್ಮ ರೇಟು ಹಾಕಿದ್ದರು. ‘ನಮ್ ಗದ್ದೆಯ ನಮ್ಗೇ ಹೇಳ್ದೆ ಮಾರಕಿಟ್ಟವ್ರಲ್ಲಪ್ಪ’ ಎಂದು ಅವರು ಮೊದಲು ನಕ್ಕರು. ನಗು ಅಲ್ಲಿಗೇ ನಿಂತಿತು. ಜಮೀನು ಅಣ್ಣತಮ್ಮಂದಿರ ಜಂಟಿ ಖಾತೆಯಲ್ಲಿತ್ತು. ಮೈಸೂರಿನಲ್ಲಿರುವ ತಮ್ಮ ಆ ವಿಡಿಯೊ ನೋಡಿ, ಅಣ್ಣ ಕದ್ದು ಮಾರುತ್ತಿದ್ದಾನೆಂದೇ ನಂಬಿದರು. ಆ ವರ್ಷದ ಹಬ್ಬಕ್ಕೆ ಅವರು ಊರಿಗೆ ಬರಲಿಲ್ಲ.

ಕಾನೂನು ಇಲ್ಲವೆಂದಲ್ಲ. 2016ರ ರೇರಾ ಕಾಯ್ದೆಯ ಪ್ರಕಾರ ಯೋಜನಾ ಪ್ರದೇಶದೊಳಗೆ 500 ಚದರ ಮೀಟರ್ ಮೀರಿದ ಬಡಾವಣೆಯನ್ನು ನೋಂದಣಿ ಮಾಡಿಸದೆ ಜಾಹೀರಾತು ಕೊಡುವಂತೆಯೇ ಇಲ್ಲ. ನಮ್ಮ ಲೆಕ್ಕದಲ್ಲಿ ಅದು ಹೆಚ್ಚೂಕಡಿಮೆ ಐದು ಗುಂಟೆ. ಅಂಥ ಸೈಟು ಮಾರಿಸುವ ಏಜೆಂಟ್ ಕೂಡ ನೋಂದಣಿ ಮಾಡಿಸಬೇಕು. ಪತ್ರಿಕೆಯಲ್ಲಾಗಲಿ ಬೇರೆಲ್ಲೇ ಆಗಲಿ ದಾರಿತಪ್ಪಿಸುವ ಜಾಹೀರಾತು ಕೊಡಕೂಡದು. ತಪ್ಪಿದರೆ ದಿನಕ್ಕೆ 10,000 ರೂಪಾಯಿ ದಂಡ, ಅದು ಬೆಳೆದು ಸೈಟಿನ ಬೆಲೆಯ ಶೇಕಡ 5ರವರೆಗೂ ಹೋಗಬಹುದು. ಆದರೆ ಕೃಷಿ ಜಮೀನನ್ನು ಕೃಷಿ ಜಮೀನಾಗಿಯೇ ಮಾರಿದರೆ ಇದ್ಯಾವುದೂ ತಾಕುವುದಿಲ್ಲ. ‘ಫಾರ್ಮ್ ಲ್ಯಾಂಡ್’ ಎಂಬ ಹೆಸರು ಹುಟ್ಟಿಕೊಂಡದ್ದೇ ಈ ಸಂದಿಯಲ್ಲಿ ಎನ್ನುವುದು ನಮ್ಮ ಅನುಮಾನ. 2020ರಲ್ಲಿ ಭೂ ಸುಧಾರಣಾ ಕಾಯ್ದೆಯ 79ಎ, 79ಬಿ ಕಲಂಗಳನ್ನು ತೆಗೆದ ಮೇಲೆ ನೇಗಿಲು ಮುಟ್ಟದವರೂ ಹೊಲ ಕೊಳ್ಳಬಹುದು. ಮಾರುಕಟ್ಟೆ ಒಮ್ಮೆಗೇ ಹಿಗ್ಗಿತು. ಆದರೆ ಆ ಹೊಲದಲ್ಲಿ ಭೂ ಪರಿವರ್ತನೆ ಮಾಡಿಸದೆ ರೆಸಾರ್ಟ್ ಕಟ್ಟುವಂತಿಲ್ಲ ಎಂಬ ಮಾತು ಆ ಹುಡುಗನ ಬಾಯಲ್ಲಿ ಬರುವುದಿಲ್ಲ.

ಮಂಜೂರಾತಿ ಜಮೀನಿನದು ಮತ್ತೊಂದು ಕಥೆ. ಪರಿಶಿಷ್ಟ ಜಾತಿ, ಪಂಗಡದವರಿಗೆ ಸರ್ಕಾರ ಕೊಟ್ಟ ಭೂಮಿಯನ್ನು ಸರ್ಕಾರದ ಅನುಮತಿಯಿಲ್ಲದೆ ಮಾರಿದರೆ 1978ರ ಪಿಟಿಸಿಎಲ್ ಕಾಯ್ದೆಯಡಿ ಆ ಮಾರಾಟ ನಿಲ್ಲುವುದಿಲ್ಲ. 2023ರ ತಿದ್ದುಪಡಿ ಬಂದ ಮೇಲೆ ಭೂಮಿ ವಾಪಸ್ ಕೇಳಲು ಕಾಲಮಿತಿಯೂ ಇಲ್ಲ. ಕಡಿಮೆ ರೇಟಿಗೆ ‘ಅರ್ಜೆಂಟ್ ಸೇಲ್’ ಎಂದು ಬಂದದ್ದನ್ನು ಕಂಡರೆ ಮೊದಲು ಇದನ್ನೇ ಕೇಳಿ. ಇಲ್ಲಿ ಮೋಸಹೋಗುವವರು ಬೆಂಗಳೂರಿನವರು ಮಾತ್ರವಲ್ಲ. ಮಂಜೂರಾದವರ ಕೈಗೆ ಪುಡಿಗಾಸು ಬಂದು, ಮಿಕ್ಕಿದ್ದೆಲ್ಲ ನಡುವೆಯೇ ಕರಗಿರುತ್ತದೆ.

ಈಗ ನಮ್ಮ ಮನೆಯ ಮಾತಿಗೆ ಬರೋಣ. ಗ್ರಾಮೀಣ ಪತ್ರಿಕೋದ್ಯಮ ಓದಿ ಹೊರಬಂದ ನಮ್ಮಲ್ಲಿ ಹಲವರು ಊರಲ್ಲೇ ಯೂಟ್ಯೂಬ್ ಚಾನೆಲ್ ನಡೆಸುತ್ತಿದ್ದೇವೆ. ಕರೆಂಟ್ ಬಿಲ್ಲು ಕಟ್ಟುವುದು ಸೈಟಿನ ಜಾಹೀರಾತು. ಸಂತೆ ಸುದ್ದಿ, ನಾಲೆ ಸುದ್ದಿಯ ಮಧ್ಯೆ ‘ಮಳವಳ್ಳಿಯಲ್ಲಿ ಹೂಡಿಕೆಗೆ ಸುವರ್ಣಾವಕಾಶ’ ಎಂದು ಸುದ್ದಿಯ ದನಿಯಲ್ಲೇ ಓದಿದವರು ನಾವೇ. ಮೇಲೆ ಹೇಳಿದ ‘ಕಾವೇರಿ ತೀರದ ತೋಟ’ ಇದೆಯಲ್ಲ, ಅದನ್ನು ಬರೆದುಕೊಟ್ಟವರು ನಮ್ಮಲ್ಲೇ ಒಬ್ಬರು. 1,500 ರೂಪಾಯಿ ಸಿಕ್ಕಿತ್ತು. ಪಹಣಿ ನೋಡಬೇಕೆಂದು ನಮಗೆ ಹೊಳೆಯಲೇ ಇಲ್ಲ. ವರದಿಗಾರಿಕೆಯ ತರಗತಿಯಲ್ಲಿ ಮೂಲ ಪರಿಶೀಲಿಸಿ ಎಂದು ಮೇಷ್ಟ್ರು ಹೇಳಿದ್ದು ಸುದ್ದಿಗೆ ಮಾತ್ರ ಅಂದುಕೊಂಡಿದ್ದೆವು.

ನಮ್ಮೂರ ಏಜೆಂಟರಿಗೆ ನಾವು ಹೇಳುವುದಿಷ್ಟು. ಬೆಂಗಳೂರಿನ ಕಂಪನಿಗಳ ಜೊತೆ ಡ್ರೋನಿನಲ್ಲಿ ಪೈಪೋಟಿ ಮಾಡಿ ನೀವು ಗೆಲ್ಲುವುದಿಲ್ಲ. ಅವರ ಬಳಿ ಇಲ್ಲದ್ದು ನಿಮ್ಮ ಬಳಿ ಇದೆ: ಯಾವ ಹೊಲದ ದಾರಿಗೆ ತಕರಾರಿದೆ, ಯಾವ ಬೋರ್‌ವೆಲ್ ಯುಗಾದಿಗೇ ಕೈಕೊಡುತ್ತದೆ, ಯಾರ ಮನೆಯ ಭಾಗ ಇನ್ನೂ ಆಗಿಲ್ಲ. ಅದನ್ನೇ ಹಾಕಿ. ಮಾಲೀಕರ ಒಪ್ಪಿಗೆ ಪಡೆದು ಸರ್ವೆ ನಂಬರ್ ಹಾಕಿ. ನೋಡುವವರು ದಿಶಾಂಕ್ ಆ್ಯಪ್‌ನಲ್ಲಿ ಜಾಗ ಗುರುತಿಸಿಕೊಳ್ಳಲಿ. ಪಹಣಿಯ 11ನೇ ಕಾಲಂನಲ್ಲಿ ಸಾಲ ಇದ್ದರೆ ಇದೆ ಅನ್ನಿ. ಪಟ್ಟಣದಲ್ಲಿ ನಮಗೆ ಗೊತ್ತಿರುವ ಒಬ್ಬರು ಹೀಗೇ ಮಾಡುತ್ತಾರೆ. ‘ಖುಷ್ಕಿ, ನೀರಿಲ್ಲ, ಗಾಡಿ ದಾರಿ ಇದೆ, ರೇಟು ಮಾತಾಡಬಹುದು’ — ನಾಲ್ಕೇ ಮಾತು, ಬಿಸಿಲಲ್ಲಿ ತೆಗೆದ ಎರಡು ಫೋಟೊ. ಲೈಕು ಬರುವುದಿಲ್ಲ. ಬಂದ ಫೋನೆಲ್ಲ ಕೊಳ್ಳುವವರದೇ ಎಂದು ಅವರು ಹೇಳುತ್ತಾರೆ, ಸುಮ್ಮನೆ ಕಾರು ತಂದು ಕಬ್ಬು ತಿಂದು ಹೋಗುವವರು ಕಡಿಮೆಯಾಗಿದ್ದಾರಂತೆ.

ನಾವೂ ಒಂದು ತೀರ್ಮಾನಕ್ಕೆ ಬಂದಿದ್ದೇವೆ. ಪಹಣಿ ಮತ್ತು ಮಾಲೀಕರ ಒಪ್ಪಿಗೆ ಪತ್ರ ಕೈಗೆ ಬಾರದೆ ಯಾವ ಜಮೀನಿನ ವಿಡಿಯೊಗೂ ಸ್ಕ್ರಿಪ್ಟ್ ಬರೆಯುವುದಿಲ್ಲ, ದನಿಯನ್ನೂ ಕೊಡುವುದಿಲ್ಲ. ಹಳೆಯ ಎರಡು ವಿಡಿಯೊ ತೆಗೆದಿದ್ದೇವೆ. ಹೋದ ವಾರ ಒಬ್ಬರು ಅಡ್ವಾನ್ಸ್ ಹಿಡಿದುಕೊಂಡೇ ಬಂದಿದ್ದರು. ಷರತ್ತು ಹೇಳಿದೆವು. ‘ಪಹಣಿ ತಾನೆ, ಈಗ ತಂದೆ’ ಎಂದು ಹೋದವರು ಇನ್ನೂ ಬಂದಿಲ್ಲ.